ಕ್ಯಾಸಲ್‌ವೇನಿಯಾ: ಏರಿಯಾ ಆಫ್ ಸಾರೋ

ಕ್ಯಾಸಲ್‌ವೇನಿಯಾ: ಏರಿಯಾ ಆಫ್ ಸಾರೋ ಎಂಬುದು ಜಪಾನಿನ ಕೊನಾಮಿ ಸಂಸ್ಥೆಯು ೨೦೦೩ರ ಮೇ ತಿಂಗಳಿನಲ್ಲಿ ಹೊರತಂದ ಸಾಹಸಪ್ರಧಾನ ವಿಡಿಯೊ ಆಟ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಇದನ್ನು ರೂಪಿಸಲಾಯಿತು. ಇದರ ನಿರ್ಮಾಪಕರು ಕೊಜಿ ಇಗರಾಶಿ. ೧೯೮೬ರಲ್ಲಿ ಆರಂಭವಾದ ಈ ಸರಣಿಯ ಬಹುತೇಕ ಆಟಗಳಲ್ಲಿ ಬೆಲ್ಮಾಂಟ್ ವಂಶದ ವೀರನೊಬ್ಬನು ಚಾವಟಿ ಹಿಡಿದು ರಕ್ತಪಿಶಾಚಿ ಡ್ರಾಕುಲಾನ ಸಂಹಾರಕ್ಕೆ ಹೊರಡುತ್ತಾನೆ. ಇಲ್ಲಿಯ ನಾಯಕ ಆ ವಂಶದವನಲ್ಲ. ಅವನು ಯಾರೆಂಬುದೇ ಕಥೆಯ ಮುಖ್ಯ ಪ್ರಶ್ನೆ.

ಕಥಾವಸ್ತು

ಕಾಲ ೨೦೩೫. ಜಪಾನಿನಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿ ಸೋಮಾ ಕ್ರೂಜ್ ಸೂರ್ಯಗ್ರಹಣ ನೋಡಲೆಂದು ಹಕುಬಾ ದೇಗುಲಕ್ಕೆ ಹೋದಾಗ, ಗೆಳತಿ ಮೀನಾಳೊಂದಿಗೆ ಡ್ರಾಕುಲಾನ ಕೋಟೆಯೊಳಕ್ಕೆ ಸೆಳೆಯಲ್ಪಡುತ್ತಾನೆ. ೧೯೯೯ರಲ್ಲಿ ಡ್ರಾಕುಲಾನನ್ನು ಕೊಂದು, ಅವನ ಕೋಟೆಯನ್ನು ಗ್ರಹಣದೊಳಗೆ ಬಂಧಿಸಲಾಗಿತ್ತು ಎಂಬುದು ಇದರ ಹಿನ್ನೆಲೆ. (೧೯೯೯ರ ಆಗಸ್ಟ್ ೧೧ರ ಪೂರ್ಣ ಸೂರ್ಯಗ್ರಹಣವು ರುಮೇನಿಯಾದಲ್ಲಿ ಕಂಡಿತ್ತು, ೨೦೩೫ರ ಸೆಪ್ಟೆಂಬರ್ ೨ರ ಪೂರ್ಣಗ್ರಹಣವು ಜಪಾನಿನಲ್ಲಿ ಕಾಣಲಿದೆ.)

ಕೋಟೆಯಲ್ಲಿ ಎದುರಾಗುವ ಗ್ರಹಾಂ ಜೋನ್ಸ್ ಎಂಬಾತ ಡ್ರಾಕುಲಾ ಸತ್ತ ದಿನವೇ ಹುಟ್ಟಿದವನು. ಆದುದರಿಂದ ತಾನೇ ಆ ಪಿಶಾಚಿಯ ಪುನರ್ಜನ್ಮವೆಂದು ಅವನು ನಂಬಿದ್ದಾನೆ. ನಿಜವಾದ ಪುನರ್ಜನ್ಮ ಸೋಮಾನೇ.

ಆಟದ ಕ್ರಮ

ಕೊಂದ ಪಿಶಾಚಿಯ ಆತ್ಮವು ಕೆಲವೊಮ್ಮೆ ಸೋಮಾನ ವಶವಾಗಿ, ಅದರ ಶಕ್ತಿಯೂ ಅವನಿಗೆ ದಕ್ಕುತ್ತದೆ. ಇಂತಹ ಆತ್ಮಗಳು ನೂರಕ್ಕೂ ಹೆಚ್ಚು. ಕೆಂಪು ಆತ್ಮಗಳು ಆಯುಧದಂತೆ ಬಳಕೆಯಾಗುತ್ತವೆ, ನೀಲಿಯವು ರಕ್ಷಣೆಗೂ ರೂಪಾಂತರಕ್ಕೂ ಒದಗುತ್ತವೆ, ಹಳದಿಯವು ಮಂತ್ರಶಕ್ತಿಯನ್ನು ವ್ಯಯಿಸದೆ ಗುಣವನ್ನು ಹೆಚ್ಚಿಸುತ್ತವೆ. ನಾಲ್ಕನೆಯ ಬಗೆಯ ಆತ್ಮಗಳಿಂದ ಗಾಳಿಯಲ್ಲಿದ್ದಂತೆಯೇ ಮತ್ತೊಮ್ಮೆ ನೆಗೆಯುವಂತಹ ಸಾಮರ್ಥ್ಯ ಬಂದು, ಮೊದಲು ತಲುಪಲಾಗದಿದ್ದ ಕೋಣೆಗಳಿಗೆ ದಾರಿಯಾಗುತ್ತದೆ. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಗೆಳೆಯರು ಆತ್ಮಗಳನ್ನು ವಿನಿಮಯ ಮಾಡಿಕೊಳ್ಳಬಹುದಿತ್ತು.

ಆಟಗಾರನು ಬರಿಯ ಸೌಕರ್ಯವೆಂದು ಬಗೆದ ಈ ಶಕ್ತಿ ವಾಸ್ತವವಾಗಿ ಡ್ರಾಕುಲಾನದು. ಕಥೆಯ ರಹಸ್ಯವನ್ನು ಆಟದ ನಿಯಮದೊಳಗೇ ಅಡಗಿಸಿಟ್ಟಿರುವುದು ಈ ಕೃತಿಯ ಹೆಚ್ಚುಗಾರಿಕೆ. ಕೋಟೆಯಲ್ಲಿ ದೊರೆಯುವ ಮೂರು ಪ್ರಾಚೀನ ಗ್ರಂಥಗಳು ಸೂಚಿಸುವ ಮೂರು ಆತ್ಮಗಳನ್ನು ಧರಿಸಿ ಗ್ರಹಾಂನನ್ನು ಸೋಲಿಸಿದರೆ ಮಾತ್ರ ಸೋಮಾನಿಗೆ ತನ್ನ ನಿಜಸ್ವರೂಪ ತಿಳಿಯುತ್ತದೆ. ಅನಂತರ ಅವನು ‘ಕೇಯಾಸ್’ ಎಂಬ ದುಷ್ಟಶಕ್ತಿಯೊಡನೆ ಹೋರಾಡಬೇಕು. ಗೆದ್ದರೆ ಮನುಷ್ಯನಾಗಿ ಉಳಿಯುತ್ತಾನೆ. ಸೋತರೆ ಡ್ರಾಕುಲಾ ಆಗುತ್ತಾನೆ; ಆಗ ಅವನನ್ನು ಕೊಲ್ಲಲು ಬರುವವನು ಜೂಲಿಯಸ್ ಬೆಲ್ಮಾಂಟ್.

ಚಿತ್ರ ಮತ್ತು ಸಂಗೀತ

ಪಾತ್ರಚಿತ್ರಗಳು ಅಯಾಮಿ ಕೊಜಿಮಾ ಅವರವು. ೨೦೦೨ರ ಹಾರ್ಮನಿ ಆಫ್ ಡಿಸೊನೆನ್ಸ್ ಆಟದ ಧ್ವನಿಗುಣವು ಟೀಕೆಗೆ ಒಳಗಾಗಿತ್ತು. ಮಿಚಿರು ಯಮಾನೆ ಮತ್ತು ಸಂಗಡಿಗರು ಸಂಗೀತ ನೀಡಿದ ಈ ಆಟದಲ್ಲಿ ಆ ಕೊರತೆ ಬಹುಮಟ್ಟಿಗೆ ನೀಗಿತು.

ಮುಂದಿನ ಭಾಗ

ಸೋಮಾನ ಕಥೆ ೨೦೦೫ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಬಂದ ಡಾನ್ ಆಫ್ ಸಾರೋ ಆಟದಲ್ಲಿ ಮುಂದುವರಿಯಿತು. ಮೂಲ ಆಟವು ೨೦೨೧ರ ಕ್ಯಾಸಲ್‌ವೇನಿಯಾ ಅಡ್ವಾನ್ಸ್ ಕಲೆಕ್ಷನ್ ಸಂಕಲನದಲ್ಲಿ ಸೇರಿದೆ.