ಸುಟ್ಟ ಟ್ರಾನ್ಸಿಸ್ಟರು ಹೇಳುವ ಇತಿಹಾಸ

"ಔಟ್‌ಪುಟ್ ಹೋಗಿದೆ ಸಾರ್.." ಮೈಕ್ ಸೆಟ್ಟನ್ನು ರಿಪೇರಿಗೆ ಕೊಟ್ಟವರೆಲ್ಲ ಒಂದಲ್ಲ ಒಂದು ಸಲ ಕೇಳಿರುವ ಮಾತಿದು. ಗಣೇಶನ ಹಬ್ಬವೋ, ನಾಟಕವೋ, ಜಾತ್ರೆಯೋ ಮುಗಿದ ಮಾರನೇ ದಿನ ರಿಪೇರಿ ಅಂಗಡಿಯ ಮೇಜಿನ ಮೇಲೆ ಒಂದಾದರೂ ಆಂಪ್ಲಿಫೈಯರ್ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತದೆ. ಹೋಗಿರುವುದು ಪವರ್ ಟ್ರಾನ್ಸಿಸ್ಟರು, ಕೆಲವೊಮ್ಮೆ ಜೊತೆಗೆ ಡಯೋಡು. ಹಳೆಯದನ್ನು ಕಿತ್ತು ಹೊಸದು ಹಾಕಿದರಾಯಿತು ಅಂದುಕೊಳ್ಳುತ್ತೇವೆ. ಹಾಕಿ ಸ್ವಿಚ್ ಒತ್ತಿದರೆ ಫಟ್! ಹೊಸದೂ ಹೋಯಿತು.

ಅದಕ್ಕೇ ರಿಪೇರಿಯವರು ಕೆಲವು ನೇಮಗಳನ್ನು ಇಟ್ಟುಕೊಂಡಿದ್ದಾರೆ. ಈ ಹವ್ಯಾಸ ಹಚ್ಚಿಕೊಂಡ ಮೇಲೆ ನನಗನ್ನಿಸಿದ್ದು ಇಷ್ಟು: ಒಂದೊಂದು ನೇಮದ ಹಿಂದೆಯೂ ಯಾವುದೋ ಕಾಲದಲ್ಲಿ ಸುಟ್ಟುಹೋದ ಟ್ರಾನ್ಸಿಸ್ಟರುಗಳ ಕಥೆ ಇದೆ.

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಬಾರ್ಡೀನ್, ಬ್ರಾಟನ್ ಮತ್ತು ಶಾಕ್ಲಿ ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಅದನ್ನು ಮಾಡಿದ್ದು ಜರ್ಮೇನಿಯಂನಿಂದ. ಜರ್ಮೇನಿಯಂಗೆ ಬಿಸಿ ಎಂದರೆ ಆಗದು. ಸುಮಾರು 10 ಡಿಗ್ರಿ ಏರಿದರೆ ಸಾಕು, ಒಳಗಿನ ಸೋರಿಕೆ ಕರೆಂಟು ಎರಡರಷ್ಟಾಗುತ್ತದೆ. ಕರೆಂಟು ಹೆಚ್ಚಿದರೆ ಬಿಸಿ ಹೆಚ್ಚುತ್ತದೆ, ಬಿಸಿ ಹೆಚ್ಚಿದರೆ ಕರೆಂಟು ಇನ್ನೂ ಹೆಚ್ಚುತ್ತದೆ.. ಕೊನೆಗೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಇದಕ್ಕೆ ಥರ್ಮಲ್ ರನ್‌ಅವೇ ಎನ್ನುತ್ತಾರೆ. ಕಿಸೆ ರೇಡಿಯೋಗೆ ಅದು ದೊಡ್ಡ ತೊಂದರೆಯಲ್ಲ, ಊರಿಗೆಲ್ಲ ಕೇಳಬೇಕಾದ ಆಂಪ್ಲಿಫೈಯರಿಗೆ ಪ್ರಾಣಸಂಕಟ.

1954ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಗೋರ್ಡನ್ ಟೀಲ್ ಅವರ ತಂಡ ಸಿಲಿಕಾನ್ ಟ್ರಾನ್ಸಿಸ್ಟರನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾನ್ ಬಿಸಿಯನ್ನು ಬಹಳ ಚೆನ್ನಾಗಿ ತಾಳಿಕೊಳ್ಳುತ್ತದೆ. 1960ರ ದಶಕದಲ್ಲಿ ಆರ್‌ಸಿಎ ಕಂಪನಿ ಹೊರತಂದ 2ಎನ್3055 ಈ ಮನೆತನದ ಹಿರಿಯಣ್ಣ. ಎರಡು ಸ್ಕ್ರೂ ಹಾಕಿ ಕೂರಿಸುವ, ಲೋಹದ ಟೋಪಿಯಂಥ ಅದನ್ನು ನೀವೂ ನೋಡಿರುತ್ತೀರಿ. 15 ಆಂಪಿಯರ್, 60 ವೋಲ್ಟ್, 115 ವಾಟ್. ಆದರೆ ಆ 115 ವಾಟ್ ಟೋಪಿಯನ್ನು 25 ಡಿಗ್ರಿಯಲ್ಲೇ ಇಟ್ಟಿದ್ದರೆ ಮಾತ್ರ! ಮೇ ತಿಂಗಳ ಬಯಲಾಟದಲ್ಲಿ ಅದೆಲ್ಲಿ ಬರಬೇಕು?

ನಮ್ಮ ಕಡೆಯ ಕಥೆಯೂ ಇದಕ್ಕೆ ಸೇರಿಕೊಂಡಿದೆ. 1954ರಲ್ಲಿ ಶುರುವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳನ್ನೂ 1967ರಲ್ಲಿ ಸಿಲಿಕಾನ್ ಬಿಡಿಭಾಗಗಳನ್ನೂ ತಯಾರಿಸತೊಡಗಿತು. ಜಗತ್ತು ಜರ್ಮೇನಿಯಂ ಬಿಟ್ಟು ಸಿಲಿಕಾನ್ ಹಿಡಿದ ದಾರಿಯನ್ನು ಜಾಲಹಳ್ಳಿ ಐದೇ ವರ್ಷದಲ್ಲಿ ನಡೆದುಬಿಟ್ಟಿತು.

ಹಳೆಯ ಆಂಪ್ಲಿಫೈಯರುಗಳಲ್ಲಿ ಒಂದು ವಿಶೇಷ ಗಮನಿಸಿ. ಔಟ್‌ಪುಟ್ಟಿನಲ್ಲಿ ಎಲ್ಲವೂ ಒಂದೇ ನಂಬರಿನವು. ಆಗ ಒಳ್ಳೆಯ ಸಿಲಿಕಾನ್ ಪಿಎನ್‌ಪಿ ಪವರ್ ಟ್ರಾನ್ಸಿಸ್ಟರು ದುಬಾರಿ, ಎನ್‌ಪಿಎನ್ ಅಗ್ಗ. ಎರಡು ಕಡೆಗೂ ಒಂದೇ ಜಾತಿಯದನ್ನು ಹಾಕಿ ದುಡಿಸಿಕೊಳ್ಳುವ ಉಪಾಯವನ್ನು ಎಚ್.ಸಿ. ಲಿನ್ 1956ರಲ್ಲೇ ಪ್ರಕಟಿಸಿದ್ದರು. ಕ್ವಾಸಿ ಕಾಂಪ್ಲಿಮೆಂಟರಿ ಎಂದು ಅದರ ಹೆಸರು.

ಈಗ ರಿಪೇರಿಗೆ ಬರೋಣ. ನಮ್ಮೂರ ದೇವಸ್ಥಾನದ ಆಂಪ್ಲಿಫೈಯರ್ ಹೋದಾಗ ಕಮಿಟಿಯವರು "ಇದನ್ನ ಗುಜರಿಗೆ ಹಾಕಿ ಹೊಸದು ತರೋಣ, ಚಂದಾ ಎತ್ತೋಣ" ಅಂದರು. ಅದಕ್ಕೂ ಮೊದಲು ಒಮ್ಮೆ ಬಿಚ್ಚಿ ನೋಡುತ್ತೇನೆ ಅಂದೆ. ನಾಲ್ಕು 2ಎನ್3055ರಲ್ಲಿ ಎರಡು ಶಾರ್ಟ್. ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ಬೇಸಿನಿಂದ ಉಳಿದೆರಡು ಕಾಲಿಗೆ 0.5ರಿಂದ 0.7 ವೋಲ್ಟ್ ತೋರಿಸಬೇಕು, ಕಲೆಕ್ಟರ್-ಎಮಿಟರ್ ನಡುವೆ ಏನೂ ತೋರಿಸಬಾರದು. ಇಲ್ಲಿ ಸೊನ್ನೆ! ಒಂದು ಎಮಿಟರ್ ರೆಸಿಸ್ಟರ್ ಸುಟ್ಟಿತ್ತು, ರೆಕ್ಟಿಫೈಯರಿನ ಒಂದು ಡಯೋಡೂ ಶಾರ್ಟ್.

ಡಯೋಡ್ ಯಾಕೆ ಹೋಯಿತು? ಟ್ರಾನ್ಸಿಸ್ಟರುಗಳು ಶಾರ್ಟ್ ಆದಾಗ ಅಷ್ಟೂ ಕರೆಂಟು ಡಯೋಡುಗಳ ಮೂಲಕವೇ ಹರಿಯುತ್ತದೆ. ಆಗ ಫ್ಯೂಸು ಹೋಗಿ ಉಳಿದದ್ದನ್ನು ಕಾಪಾಡಬೇಕು. ಆದರೆ ಯಾರೋ ಪುಣ್ಯಾತ್ಮರು ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರು :) ಮೂಲ ಕಾರಣ ಮಾತ್ರ ಹೊರಗಿತ್ತು. ಗಾಳಿಗೆ ಹಾರ್ನಿನ ಎರಡೂ ತಂತಿ ಸುತ್ತಿಕೊಂಡು, ಸವೆದು, ಒಂದಕ್ಕೊಂದು ತಾಗಿದ್ದವು. ಅದನ್ನು ಸರಿಪಡಿಸದೆ ಎಷ್ಟು ಟ್ರಾನ್ಸಿಸ್ಟರ್ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ.

ನೇಮಗಳು ಇವು. ಸುಟ್ಟದ್ದನ್ನಷ್ಟೇ ಅಲ್ಲ, ಆ ಸಾಲಿನ ಎಲ್ಲವನ್ನೂ ಬದಲಾಯಿಸಿ. ಬದುಕುಳಿದದ್ದೂ ಒಳಗೇ ನೊಂದಿರುತ್ತದೆ, ಹೊಸದರ ಜೊತೆ ಸಮನಾಗಿ ಭಾರ ಹೊರುವುದಿಲ್ಲ. ಆ ಭಾರ ಹಂಚುವುದಕ್ಕೇ ಎಮಿಟರ್ ರೆಸಿಸ್ಟರ್ ಇರುವುದು. ಡ್ರೈವರ್ ಟ್ರಾನ್ಸಿಸ್ಟರುಗಳನ್ನೂ, ಹೀಟ್ ಸಿಂಕಿಗೆ ಅಂಟಿಕೊಂಡಿರುವ ಬಯಾಸ್ ಡಯೋಡನ್ನೂ ಪರೀಕ್ಷಿಸಿ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಅದರ ಬೇಸಿಗೆ ಬೇಕಾದ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಪಕ್ಕದಲ್ಲೇ ಬಿಸಿಯಾಗುವ ಡಯೋಡಿನದೂ ಹಾಗೇ ಇಳಿದು, ಕರೆಂಟಿನ ಓಟಕ್ಕೆ ಕಡಿವಾಣ ಹಾಕುತ್ತದೆ. ಜರ್ಮೇನಿಯಂ ಕಾಲ ಕಲಿಸಿದ ಪಾಠ ಇನ್ನೂ ಅಲ್ಲೇ ಕೂತಿದೆ ನೋಡಿ! ಟೋಪಿಯೇ ಕಲೆಕ್ಟರ್ ಆದ್ದರಿಂದ ಕೆಳಗಿನ ಮೈಕಾ ಹಾಳೆ ಹರಿದಿರಬಾರದು, ಎರಡೂ ಮೈಗೆ ತೆಳುವಾಗಿ ಬಿಳಿ ಪೇಸ್ಟ್ ಸವರಬೇಕು.

ಕೊನೆಯದು ಸೀರೀಸ್ ಲ್ಯಾಂಪ್. ಮೊದಲ ಸಲ ಆನ್ ಮಾಡುವಾಗ 230 ವೋಲ್ಟಿನ ದಾರಿಯಲ್ಲಿ ಹಳೇ ಕಾಲದ 100 ವಾಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಶಾರ್ಟ್ ಉಳಿದಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ, ಟ್ರಾನ್ಸಿಸ್ಟರು ಬದುಕುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ತಂತಿ ಬಲ್ಬು ಎಲ್ಲಾದರೂ ಸಿಕ್ಕರೆ ಎರಡು ತಂದಿಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. 2ಎನ್3055 ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಆರ್‌ಸಿಎಯ ಮೊದಲಿನ ತಯಾರಿಕೆ ನಿಧಾನದ್ದು, ಆದರೆ ಬಹಳ ಗಟ್ಟಿ. 1970ರ ದಶಕದ ನಡುವಿನಲ್ಲಿ ತಯಾರಿಕೆಯ ವಿಧಾನವೇ ಬದಲಾಯಿತು. ಹೊಸವು ಚುರುಕು, ಆದರೆ ಹಳೇ ಸರ್ಕ್ಯೂಟಿನಲ್ಲಿ ಒಮ್ಮೊಮ್ಮೆ ತಾವೇ ಕಂಪಿಸಿ ಬಿಸಿಯಾಗುತ್ತವೆ. ಇವೆರಡೂ ಅಸಲಿಯೇ. ನಕಲಿಗಳದ್ದು ಬೇರೆ ಕಥೆ. ಟೋಪಿ ಕೊಯ್ದು ನೋಡಿದರೆ ಒಳಗೆ ಸಾಸಿವೆಯಷ್ಟು ಚಿಪ್ಪು! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ, ತೀರಾ ಅಗ್ಗವಾಗಿ ಸಿಕ್ಕರೆ ಒಂದು ಸಲ ಯೋಚಿಸಿ.

ದೇವಸ್ಥಾನದ ಆಂಪ್ಲಿಫೈಯರಿಗೆ ನಾಲ್ಕು ಟ್ರಾನ್ಸಿಸ್ಟರು, ನಾಲ್ಕು ಡಯೋಡು, ರೆಸಿಸ್ಟರು, ಮೈಕಾ, ಸರಿಯಾದ ಫ್ಯೂಸು ಹಾಕಿದೆ. ಚಂದಾ ಎತ್ತುವ ಮಾತು ನಿಂತಿತು. ಈಗಿನ ಕ್ಲಾಸ್-ಡಿ ಆಂಪ್ಲಿಫೈಯರುಗಳು ಹಗುರ, ಬಿಸಿಯೂ ಕಡಿಮೆ, ನನಗೇನೂ ಅವುಗಳ ಮೇಲೆ ಕೋಪವಿಲ್ಲ. ಆದರೆ ಎಷ್ಟೋ ಕಡೆ ಒಂದು ಸಣ್ಣ ಭಾಗ ಹೋದರೂ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ. ಯಾವುದು ಹೋಯಿತು, ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಆ "ಯಾಕೆ"ಗೆ ಉತ್ತರ ಗೊತ್ತಿರುವವರು ನಮ್ಮ ಊರುಗಳ ರೇಡಿಯೋ ರಿಪೇರಿಯವರು. ಅವರು ಪುಸ್ತಕ ಬರೆದಿಲ್ಲ, ಅಂಗಡಿಗಳು ಒಂದೊಂದೇ ಮುಚ್ಚುತ್ತಿವೆ. ನಿಮ್ಮೂರಿನಲ್ಲಿ ಅಂಥವರೊಬ್ಬರಿದ್ದರೆ ಹೋಗಿ ಮಾತಾಡಿಸಿ, ಕೇಳಿದ್ದನ್ನು ಬರೆದಿಡಿ. ನಾನೂ ಓದಲು ಕಾಯುತ್ತಿರುತ್ತೇನೆ.