ಯಾವ ಅಜ್ಜಿಯ ಕಾಲದ ಟಿಪ್ಸು?

ಮೊಬೈಲ್ ತೆಗೆದರೆ ಸಾಕು, 'ಅಜ್ಜಿ ಕಾಲದ ಅಡುಗೆಮನೆ ಟಿಪ್ಸ್'. ತುಪ್ಪ ಕಾಯಿಸುವಾಗ ಒಂದು ವೀಳ್ಯದೆಲೆ ಹಾಕಿ, ಘಮ್ ಅನ್ನುತ್ತೆ. ತಾಮ್ರದ ಬಿಂದಿಗೆಗೆ ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿ, ಫಳಫಳ ಹೊಳೆಯುತ್ತೆ. ನಮ್ಮ ಆಫೀಸಿನ ಗ್ರೂಪಲ್ಲೂ ದಿನಾ ಬೆಳಿಗ್ಗೆ ಒಂದು ಬಂದು ಬೀಳುತ್ತೆ. ಟಿಪ್ಸ್ ಸುಳ್ಳಲ್ಲ. ಹುಣಸೆಹುಳಿಗೆ ತಾಮ್ರದ ಕಿಲುಬು ಬಿಡೋದು ನಿಜ. ನನ್ನ ತಕರಾರು ಆ 'ಅಜ್ಜಿ' ಬಗ್ಗೆ. ಮನೇಲಿ ತುಪ್ಪನೂ ಇತ್ತು, ತಾಮ್ರನೂ ಇತ್ತು ಅಂದ್ರೆ ಆ ಅಜ್ಜಿ ಯಾರ ಮನೆಯವರು ಸ್ವಾಮಿ?

ಬಾಬಾಸಾಹೇಬರ 'ಜಾತಿ ವಿನಾಶ' 1936ರಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಎರಡು ಘಟನೆ ನೆನಪಿಸ್ತೀನಿ. 1935ರ ನವೆಂಬರಲ್ಲಿ ಅಹಮದಾಬಾದ್ ಜಿಲ್ಲೆಯ ಝಾನು ಅನ್ನೋ ಊರಲ್ಲಿ ಸ್ವಲ್ಪ ಅನುಕೂಲವಾಗಿದ್ದ ಅಸ್ಪೃಶ್ಯ ಮನೆಗಳ ಹೆಣ್ಣುಮಕ್ಕಳು ಲೋಹದ ಕೊಡ ಹಿಡಿದು ನೀರಿಗೆ ಹೋದರು. ಇದು ನಮಗೆ ಮಾಡಿದ ಅವಮಾನ ಅಂತ ಸವರ್ಣೀಯರು ಆ ಹೆಂಗಸರ ಮೇಲೆ ಕೈಮಾಡಿದರು. ಇನ್ನೊಂದು, 1936ರ ಏಪ್ರಿಲ್ ಶುರುವಿನಲ್ಲಿ ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ನಡೆದದ್ದು. ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನ ಜನಕ್ಕೆ ತುಪ್ಪದ ಊಟ ಹಾಕಿಸಿದ. ಉಣ್ಣುತ್ತಿರುವಾಗಲೇ ನೂರಾರು ಜನ ಲಾಠಿ ಹಿಡಿದು ನುಗ್ಗಿ ಅಡುಗೆ ಹಾಳುಮಾಡಿದರು, ಉಣ್ಣೋರನ್ನ ಬಡಿದರು. ತುಪ್ಪ ಅವನ ದುಡ್ಡಿನದೇ. ಕೊಳ್ಳೋ ಶಕ್ತಿ ಇದ್ದರೂ ನೀನು ತಿನ್ನಬಾರದು, ಅಷ್ಟೇ. ಚಾಂಡಾಲರಿಗೆ ಒಡಕು ಪಾತ್ರೆಯಲ್ಲೇ ಅನ್ನ ಅಂತ ಮನುಸ್ಮೃತಿಯ 10ನೇ ಅಧ್ಯಾಯದಲ್ಲಿದೆ. ಅದು ಪುಸ್ತಕದಲ್ಲಿ ಮಾತ್ರ ಇತ್ತು ಅನ್ನೋರು ಈ ಎರಡು ಊರಿನ ಹೆಸರು ಬರೆದಿಟ್ಟುಕೊಳ್ಳಲಿ.

ಈಗ ನಮ್ಮ ಅಡುಗೆಮನೆಗೆ ಬರೋಣ. ಅಡುಗೆಮನೆ ಅಂತ ಬೇರೆ ಎಲ್ಲಿತ್ತು, ಇದ್ದದ್ದೇ ಒಂದು ಕೋಣೆ. ಮೂಲೇಲಿ ಒಲೆ, ಒಲೆ ಮೇಲಕ್ಕೆ ಕಟ್ಟಿದ ನೆಲುವು, ನೆಲುವಲ್ಲಿ ಒಂದು ಮಡಕೆ. ಆ ಮಡಕೇಲಿ ಕೊರಬಾಡು ಇರ್ತಿತ್ತು.

ಕೊರಬಾಡು ಮಾಡೋದು ಸುಮ್ಮನೆ ಕೆಲಸ ಅಲ್ಲ. ಬಾಡು ಸಿಗೋದು ಯಾವಾಗಲೋ ಒಂದ್ಸಲ, ಸಿಕ್ಕಾಗ ರಾಶಿ. ಆವತ್ತೇ ತಿಂದು ಮುಗಿಯಲ್ಲ, ಇಟ್ಟರೆ ಕೊಳೆಯುತ್ತೆ. ನಮ್ಮಜ್ಜಿ ಎಳೆ ನೋಡಿ ಉದ್ದುದ್ದ ಸೀಳೋಳು. ಸೀಳು ದಪ್ಪ ಆದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಹುಳ ಬೀಳುತ್ತೆ ಅನ್ನೋಳು. ಉಪ್ಪು, ಅರಿಶಿನ ಸವರಿ ಹಗ್ಗದ ಮೇಲೆ ಬಿಸಿಲಿಗೆ ಹಾಕೋದು. ಕಾಗೆ ಕಾಯೋದು ಮಕ್ಕಳ ಕೆಲಸ. ಮುರಿದರೆ ಟಕ್ ಅಂತ ಸದ್ದು ಬಂದ ಮೇಲೇ ಮಡಕೆಗೆ. ಉಪ್ಪು ನೀರು ಎಳೆಯುತ್ತೆ, ಬಿಸಿಲು ಉಳಿದ ತೇವ ತೆಗೆಯುತ್ತೆ, ಒಲೆ ಹೊಗೆ ಹುಳ ಬರದಂಗೆ ಕಾಯುತ್ತೆ. ಫ್ರಿಜ್ ಇಲ್ಲದೆ ಮಳೆಗಾಲ ದಾಟಿಸೋ ವಿದ್ಯೆ ಇದು. ತುಪ್ಪ, ಎಣ್ಣೆ ಇಲ್ಲದ ಮನೇಲಿ ನೆಣ ಕರಗಿಸಿ ಸೋಸಿ ಇಟ್ಟುಕೊಂಡರೆ ಅದೇ ಒಗ್ಗರಣೆಗೆ. ಆ ಜಿಡ್ಡಿನ ಮಡಕೆ ತೊಳೆಯೋಕೆ ಒಲೆ ಬೂದಿ. ಬೂದಿಯ ಕ್ಷಾರಕ್ಕೆ ಜಿಡ್ಡು ಸೇರಿದರೆ ಸೋಪಿನಂಗೇ ಬಿಟ್ಟುಕೊಳ್ಳುತ್ತೆ. ಕೆರೆ ಬಾವಿ ಮುಟ್ಟೋಹಾಗಿಲ್ಲ, ಯಾರೋ ಸೇದಿ ಹುಯ್ದರೆ ಉಂಟು. ಹಾಗಾಗಿ ಮೊದಲು ಒಣ ಬೂದಿಲಿ ಉಜ್ಜಿ, ಕಡೆಗೆ ಒಂದೇ ಚೊಂಬಲ್ಲಿ ಮುಗಿಸೋಳು.

ಇನ್ನೊಂದು ಟಿಪ್ಸ್ ನಮ್ಮಪ್ಪಂದು. ಊರ ದೊಡ್ಡ ಮನೆಗಳಲ್ಲಿ ರಾಗಿ ಹಗೇವಲ್ಲಿ ಇಡ್ತಿದ್ರು. ನೆಲದೊಳಗಿನ ಆಳದ ಗುಂಡಿ, ಸುತ್ತ ಹುಲ್ಲು, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಗಾಳಿ ಆಡದ್ದಕ್ಕೆ ಹುಳ ಬದುಕಲ್ಲ, ರಾಗಿ ವರ್ಷಗಟ್ಟಲೆ ಕೆಡಲ್ಲ. ಹುಳ ಬದುಕದ ಕಡೆ ಮನುಷ್ಯನೂ ಬದುಕಲ್ಲ. ಬಾಯಿ ತೆಗೆದು ಗಾಳಿ ಆಡೋಕೆ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಇಳೀಬೇಡ. ಹಗೇವು ದೊಡ್ಡೋರದ್ದು, ಇಳಿಯೋನು ಜೀತದಾಳು. ಜೀತ ನಿರ್ಮೂಲನೆಗೆ ಕಾಯ್ದೆ ಬಂದದ್ದೇ 1976ರಲ್ಲಿ. ದೀಪದ ಟಿಪ್ಸು ನಮ್ಮಪ್ಪನಿಗೆ ಹೇಳಿಕೊಟ್ಟದ್ದು ಅವನ ಅಪ್ಪ. ಯಾವ ಗ್ರೂಪಲ್ಲೂ ಇದು ಫಾರ್ವರ್ಡ್ ಆಗಿ ಬಂದದ್ದು ನಾನು ನೋಡಿಲ್ಲ.

ಬರೆಯೋ ಸಂಪ್ರದಾಯ ಕನ್ನಡ ನಾಡಿಗೆ ಹೊಸದಲ್ಲ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಅಡುಗೆ, ಅಂತರ್ಜಲ, ಸುಗಂಧ, ವೈದ್ಯ ಎಲ್ಲ ಸೇರಿಸಿದ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಇಲಿ ಸುಡೋದು, ಆಮೆ ಬೇಯಿಸೋದು ಕೂಡ ಇದೆ. ರಾಜ ಬರೆಸಿದರೆ ಪಾಕಶಾಸ್ತ್ರ, ನಮ್ಮವ್ವ ಹೊಲದ ಇಲಿ ಸುಟ್ಟರೆ ಮೂಗು ಮುಚ್ಚಿಕೊಳ್ಳೋದು!

ನಮ್ಮೋರೂ ಬಾಯಿ ಮುಚ್ಚಿಕೊಂಡದ್ದಕ್ಕೆ ಕಾರಣ ಅವಮಾನ ಒಂದೇ ಅಲ್ಲ, ಸ್ವಾಭಿಮಾನವೂ ಇದೆ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದರು. ಸರಿಯಾಗಿಯೇ ಹೇಳಿದರು. ಸತ್ತದ್ದನ್ನ ಹೊರೋ ಬಿಟ್ಟಿ ಕೆಲಸದ ಜೊತೆ ಗಂಟು ಹಾಕಿಕೊಂಡಿದ್ದ ಊಟ ಅದು. ಆದರೆ ಬಿಟ್ಟ ಮೇಲೆ ಅದರ ಮಾತೂ ಬಿಟ್ಟೆವು. 2015ರಲ್ಲಿ ಮರಾಠವಾಡದ ಶಾಹು ಪಾಟೋಳೆ ಮಹಾರ್, ಮಾಂಗ್ ಮನೆಗಳ ಅಡುಗೆಯನ್ನೇ ಮರಾಠಿಯಲ್ಲಿ ಪುಸ್ತಕ ಮಾಡಿದರು. ಮತ್ತೆ ಅದನ್ನೇ ತಿನ್ನಿ ಅಂತ ಅಲ್ಲ, ನಾವು ಹೇಗೆ ಬದುಕಿ ಉಳಿದೆವು ಅನ್ನೋದರ ದಾಖಲೆ ಅದು.

ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ. ಭಾನುವಾರ ಹೋಗಿ ಕೂತು ಬರ್ಕೋಬೇಕು ಅಂತಿದ್ದೀನಿ. ನಿಮ್ಮ ಕೇರೀಲಿ ಕೊರಬಾಡಿಗೆ ಏನಂತಿದ್ರು, ಎಷ್ಟು ಬಿಸಿಲು ಒಣಗಿಸ್ತಿದ್ರು, ನೀರು ಸಾಲದಾಗ ಏನು ಮಾಡ್ತಿದ್ರು? ಮನೇಲಿ ಹಿರೇರು ಇದ್ದರೆ ಕೇಳಿ, ಜಿಲ್ಲೆ ಹೆಸರು ಹಾಕಿ ಇಲ್ಲೇ ಕೆಳಗೆ ಬರೀರಿ.

ಜೈ ಭೀಮ್.