ಬೋಲ್ಟ್ ಆಕ್ಷನ್ ರೈಫಲ್ ಮತ್ತು ಬೆಳೆರಕ್ಷಣೆಯ ಬಂದೂಕು (ಚಿಕ್ಕೋಡಿ–ಅಥಣಿ ಸೀಮೆ)

ಪ್ರತಿ ಗುಂಡಿನ ನಂತರ ಹಿಡಿಯನ್ನು ಕೈಯಿಂದ ಮೇಲೆತ್ತಿ ಹಿಂದಕ್ಕೆಳೆದು, ಖಾಲಿ ತೋಟಾವನ್ನು ಹೊರದೂಡಿ ಹೊಸದನ್ನು ಸೇರಿಸುವ ರೈಫಲನ್ನು ಬೋಲ್ಟ್ ಆಕ್ಷನ್ ಎನ್ನುತ್ತಾರೆ. ಭಾರತದಲ್ಲಿ ಈ ಬಗೆಯ ಪರಿಚಿತ ನಾಗರಿಕ ಆಯುಧವೆಂದರೆ ಇಛಾಪುರ ಕಾರ್ಖಾನೆಯಲ್ಲಿ ತಯಾರಾದ, ಲೀ-ಎನ್‌ಫೀಲ್ಡ್ ಮಾದರಿಯ .315 ರೈಫಲ್. ಹೊರದೇಶಗಳಲ್ಲಿ ಇಂಥ ರೈಫಲು ಜಿಂಕೆ ಬೇಟೆಗೆ ಬಳಕೆಯಾದರೂ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಆ ಉದ್ದೇಶಕ್ಕೆ ಅವಕಾಶವೇ ಇಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವಿದೆ, ಮತ್ತು ಬಯಲುಸೀಮೆಯ ಈ ಚೆಲುವಾದ ಪ್ರಾಣಿಗೆ ಅಷ್ಟು ಕಾವಲು ನ್ಯಾಯವೇ ಆಗಿದೆ.

ಕೃಷ್ಣಾ ತೀರದ ಕಬ್ಬು, ಗೋವಿನಜೋಳದ ಗದ್ದೆಗಳಿಗೆ ಹಂದಿಯ ಕಾಟ ತಗುಲಿದಾಗ ರೈತನಿಗೆ ಸಲ್ಲುವುದು ಬೇರೆಯೇ ಆಯುಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನಿಜವಾದ ಬೆಳೆರಕ್ಷಣೆಗೆ ಹೆಸರಿಸುವುದು ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಬಂದೂಕನ್ನೇ ಹೊರತು, ಒಳಗೆ ಸುರುಳಿಗೆರೆಗಳಿದ್ದು ಗುಂಡನ್ನು ಬಹುದೂರ ಒಯ್ಯುವ ರೈಫಲನ್ನಲ್ಲ; ಮನೆ, ದಾರಿಗಳು ಹತ್ತಿರವೇ ಇರುವ ಬಯಲಿನಲ್ಲಿ ಈ ಭೇದ ಮುಖ್ಯವಾದುದು. ಪರವಾನಗಿ ಇದ್ದರೂ, ಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಪ್ರತ್ಯೇಕವಾಗಿ ಬೇಕಾಗುತ್ತದೆ.